ಎಂಟು, ಸೊನ್ನೆ: ಕಂಪ್ಯೂಟರಿನೊಳಗಿನ ನಂಬರುಗಳ ಕಥೆ

ಮನೆಯಲ್ಲೋ ಆಫೀಸಿನಲ್ಲೋ ಲಿನಕ್ಸ್ ಹಾಕಿದ ಕಂಪ್ಯೂಟರು ಇದ್ದರೆ ಒಂದು ಸಣ್ಣ ಕೆಲಸ ಮಾಡಿ ನೋಡಿ. ಟರ್ಮಿನಲ್ ತೆರೆದು 'ಡೆವ್' ಎಂಬ ಡೈರೆಕ್ಟರಿಗೆ ಹೋಗಿ ಅಲ್ಲಿರುವ ಫೈಲುಗಳ ವಿವರವಾದ ಪಟ್ಟಿ ತರಿಸಿ. ಬೇರೆ ಡೈರೆಕ್ಟರಿಗಳಲ್ಲಿ ಫೈಲು ಎಷ್ಟು ಬೈಟ್ ಇದೆ ಅಂತ ತೋರಿಸುವ ಜಾಗದಲ್ಲಿ ಇಲ್ಲಿ ಗಾತ್ರವೇ ಇರುವುದಿಲ್ಲ. ಬದಲಿಗೆ ನಡುವೆ ಕಾಮಾ ಹಾಕಿದ ಎರಡು ಅಂಕೆಗಳು. ಡಿಸ್ಕಿನ ಎದುರು 8, 0. ಏನು ಸುರಿದರೂ ನುಂಗಿ ಸುಮ್ಮನಿರುವ 'ನಲ್' ಎಂಬ ಫೈಲಿನ ಎದುರು 1, 3. ಹೊಸ ಲ್ಯಾಪ್‌ಟಾಪ್ ಆದರೆ ಡಿಸ್ಕಿನ ಎದುರು 259 ಅಂತಲೂ ಇರಬಹುದು.

ಮುಂಬಯಿಗೆ ಬಂದ ಹೊಸತರಲ್ಲಿ, ತೊಂಬತ್ತರ ದಶಕದ ಕೊನೆಗೆ, ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸೀಡಿಯಿಂದ ಲಿನಕ್ಸ್ ಹಾಕಿಕೊಂಡವರಲ್ಲಿ ನಾನೂ ಒಬ್ಬ. ಈ ಅಂಕೆಗಳನ್ನು ಆಗಿನಿಂದ ನೋಡುತ್ತಿದ್ದೇನೆ. ನೋಡಲು ಸಪ್ಪೆ. ಆದರೆ ಇವುಗಳ ಹಿಂದೆ ಐವತ್ತು ವರ್ಷಗಳ ಕಥೆ ಇದೆ. ಅದರಲ್ಲಿ ಕೊರತೆ ಇದೆ, ಜಗಳ ಇದೆ, ಕೊನೆಗೊಂದು ಕೊಲೆಯೂ ಇದೆ (ಸತ್ತದ್ದು ಮನುಷ್ಯರಲ್ಲ, ಗಾಬರಿ ಬೇಡ).

ಮೊದಲು ಎರಡು ಮಾತು ಬೇರೆ ಕ್ಷೇತ್ರದ ಸ್ನೇಹಿತರಿಗಾಗಿ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳಿಗೆ ಕರ್ನೆಲ್ ಅನ್ನುತ್ತಾರೆ. ಡಿಸ್ಕು, ಪ್ರಿಂಟರು, ಕೀಲಿಮಣೆ ಇವುಗಳ ಜೊತೆ ಮಾತಾಡಲು ಕರ್ನೆಲ್‌ಗೆ ಒಂದೊಂದಕ್ಕೂ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರು. ಈಗ ಪ್ರಶ್ನೆ: ಒಂದು ಪ್ರೋಗ್ರಾಮು "ಆ ಡಿಸ್ಕಿಗೆ ಇದನ್ನು ಬರಿ" ಅಂತ ಕೇಳಿದಾಗ, ಯಾವ ಡ್ರೈವರನ್ನು ಕರೆಯಬೇಕು, ಆ ಡ್ರೈವರು ನೋಡಿಕೊಳ್ಳುವ ನಾಲ್ಕು ಡಿಸ್ಕುಗಳಲ್ಲಿ ಯಾವುದಕ್ಕೆ ಬರೆಯಬೇಕು ಅಂತ ಕರ್ನೆಲ್‌ಗೆ ಗೊತ್ತಾಗುವುದು ಹೇಗೆ?

ಉತ್ತರ ಬಂದದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ. 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಶುರುಮಾಡಿದ ಯುನಿಕ್ಸ್‌ನಲ್ಲಿ ಸಾಧನಗಳೂ ಫೈಲುಗಳೇ. ಪ್ರಿಂಟರಿಗೆ ಕಳಿಸಬೇಕೇ, ಪ್ರಿಂಟರ್ ಎಂಬ ಫೈಲು ತೆರೆದು ಬರೆಯಿರಿ, ಅಷ್ಟೇ. ಆ ಫೈಲಿನೊಳಗೆ ಏನೂ ಇರುವುದಿಲ್ಲ, ಎರಡು ನಂಬರು ಬಿಟ್ಟು. ಮೊದಲನೆಯದು ಮೇಜರ್, ಎರಡನೆಯದು ಮೈನರ್. ಕರ್ನೆಲ್ ಒಳಗೆ ಡ್ರೈವರುಗಳ ಒಂದು ಕೋಷ್ಟಕ. ಮೇಜರ್ ನಂಬರು ಎಂದರೆ ಆ ಕೋಷ್ಟಕದ ಸಾಲಿನ ಸಂಖ್ಯೆ. ಮೈನರ್ ನಂಬರನ್ನು ಕರ್ನೆಲ್ ಮುಟ್ಟುವುದೇ ಇಲ್ಲ, ಹಾಗೇ ಡ್ರೈವರಿನ ಕೈಗೆ ದಾಟಿಸುತ್ತದೆ.

ಪರೇಲ್ ಲಾಲ್‌ಬಾಗ್ ಕಡೆಯ ಹಳೆಯ ಚಾಳುಗಳನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಪೋಸ್ಟ್‌ಮನ್ನನಿಗೆ ಬೇಕಾದದ್ದು ಚಾಳಿನ ನಂಬರು ಮಾತ್ರ. ಹದಿನೇಳನೇ ಖೋಲಿ ಮೊದಲ ಮಾಳಿಗೆಯೋ ಎರಡನೆಯದೋ, ಜಿನ್ನೆಯ ಪಕ್ಕವೋ ನಲ್ಲಿಯ ಪಕ್ಕವೋ ಎನ್ನುವುದು ಚಾಳಿನವರ ಒಳ ವ್ಯವಹಾರ.

ಡ್ರೈವರ್ ಬರೆಯುವವರು ಈ ಸ್ವಾತಂತ್ರ್ಯವನ್ನು ಚೆನ್ನಾಗಿಯೇ ಬಳಸಿಕೊಂಡರು. ಟೇಪಿನ ಉದಾಹರಣೆ ನೋಡಿ. ಲಿನಕ್ಸ್‌ನಲ್ಲಿ ಸ್ಕಸಿ ಟೇಪಿನ ಮೇಜರ್ ನಂಬರು 9. ಮೈನರ್ 0 ಎಂದರೆ ಮೊದಲನೆಯ ಟೇಪು. ಮೈನರ್ 128 ಅಂದರೂ ಅದೇ ಟೇಪು! ವ್ಯತ್ಯಾಸ ಇಷ್ಟೇ: 0 ಅಂತ ತೆರೆದರೆ ಕೆಲಸ ಮುಗಿದ ಮೇಲೆ ಟೇಪು ತಾನಾಗಿ ಹಿಂದಕ್ಕೆ ಸುತ್ತಿಕೊಂಡು ಮೊದಲಿಗೆ ಬರುತ್ತದೆ. 128 ಅಂತ ತೆರೆದರೆ ನಿಂತಲ್ಲೇ ನಿಲ್ಲುತ್ತದೆ. ಸೋಮವಾರದ ಬ್ಯಾಕಪ್ ಹಿಂದೆಯೇ ಮಂಗಳವಾರದ್ದನ್ನೂ ಅದೇ ಟೇಪಿಗೆ ಸೇರಿಸಲು ಹೊರಟವನು 0 ಬಳಸಿದರೆ ಸೋಮವಾರದ್ದರ ಮೇಲೆಯೇ ಮಂಗಳವಾರದ್ದು ಕೂರುತ್ತದೆ. ಯಂತ್ರ ಒಂದೇ, ನಂಬರು ಎರಡು, ತಪ್ಪಿದರೆ ಡೇಟಾ ಹೋಯಿತು.

ಯುನಿಕ್ಸ್ ಬೆಳೆದ ಪಿಡಿಪಿ-11 ಯಂತ್ರದ ಪದದ ಅಳತೆ 16 ಬಿಟ್. ಆದ್ದರಿಂದ ಮೇಜರಿಗೆ 8 ಬಿಟ್, ಮೈನರಿಗೆ 8 ಬಿಟ್ ಅಂತ ಸಮಪಾಲು ಮಾಡಿದರು. ಅಂದರೆ 256 ಡ್ರೈವರು, ಒಂದೊಂದರ ಕೆಳಗೆ 256 ಸಾಧನ. ರೆಫ್ರಿಜರೇಟರಿನಷ್ಟು ದೊಡ್ಡ ಯಂತ್ರಕ್ಕೆ ನಾಲ್ಕು ಡಿಸ್ಕು, ಹತ್ತಿಪ್ಪತ್ತು ಟರ್ಮಿನಲ್ಲು ಇದ್ದ ಕಾಲ ಅದು. 256 ಎಂದರೆ ಅಕ್ಷಯ ಪಾತ್ರೆ. ಕೋಷ್ಟಕವನ್ನು ಆಯಾ ಯಂತ್ರ ನೋಡಿಕೊಳ್ಳುವವರೇ ತುಂಬಿ ಕರ್ನೆಲ್ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಯಂತ್ರದ 4 ನಿಮ್ಮ ಯಂತ್ರದ 4 ಆಗಿರಬೇಕಾದ ಅಗತ್ಯವೂ ಇರಲಿಲ್ಲ.

1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದಾಗ ಈ 8-8ರ ಹಂಚಿಕೆಯನ್ನೂ ಹಾಗೇ ತೆಗೆದುಕೊಂಡರು. ಆದರೆ ಒಂದು ಸಂಗತಿ ಬದಲಾಗಿತ್ತು. ಲಿನಕ್ಸ್ ಒಂದು ಲ್ಯಾಬಿನ ಸೊತ್ತಲ್ಲ. ಹೆಲ್ಸಿಂಕಿಯಲ್ಲಿ ಒಬ್ಬ, ಕ್ಯಾಲಿಫೋರ್ನಿಯಾದಲ್ಲಿ ಒಬ್ಬ, ಬೆಂಗಳೂರಿನಲ್ಲಿ ಒಬ್ಬ ಅದೇ ಕರ್ನೆಲ್ ಓಡಿಸುವವರು. ಡೆವ್ ಡೈರೆಕ್ಟರಿಯ ಫೈಲುಗಳು ಸೀಡಿಯಲ್ಲೇ ತಯಾರಾಗಿ ಬರುವಂಥವು. ಹಾಗಾಗಿ ಪ್ರಪಂಚದ ಎಲ್ಲ ಲಿನಕ್ಸ್‌ಗಳಲ್ಲೂ 4 ಎಂದರೆ ಟರ್ಮಿನಲ್ಲೇ ಆಗಬೇಕು, 8 ಎಂದರೆ ಸ್ಕಸಿ ಡಿಸ್ಕೇ ಆಗಬೇಕು. ಇದಕ್ಕೊಂದು ಸಬ್‌ರಿಜಿಸ್ಟ್ರಾರ್ ಕಚೇರಿ ಬೇಕಾಯಿತು. ಎಚ್. ಪೀಟರ್ ಆನ್ವಿನ್ ಎಂಬವರು ವರ್ಷಗಟ್ಟಲೆ ಆ ಪಟ್ಟಿಯನ್ನು ಇಟ್ಟುಕೊಂಡು ಬಂದರು. ಹೊಸ ಡ್ರೈವರು ಬರೆದವರು ಅವರಿಗೊಂದು ಈಮೇಲ್ ಹಾಕಿ ನಂಬರು ಕೇಳುವುದು, ಅವರು ಖಾಲಿ ಇದ್ದದ್ದು ಕೊಡುವುದು. ಮುಂದೆ ಇದಕ್ಕೆ 'ಲನಾನಾ' ಎಂಬ ಹೆಸರೂ ಬಂತು. ಲಿನಕ್ಸ್‌ನ ಹೆಸರು ಮತ್ತು ಸಂಖ್ಯೆಗಳನ್ನು ಹಂಚುವ ಪ್ರಾಧಿಕಾರ ಅಂತ ಅದರರ್ಥ. ಪ್ರಾಧಿಕಾರ ಎಂದೊಡನೆ ಕಟ್ಟಡ, ಗುಮಾಸ್ತರು, ಲಂಚ ಅಂತ ಕಲ್ಪಿಸಿಕೊಳ್ಳಬೇಡಿ, ಎಲ್ಲ ಸೇರಿ ಒಂದು ಪಠ್ಯ ಫೈಲು!

ಆ ಫೈಲು ಈಗಲೂ ಕರ್ನೆಲ್‌ನ ಜೊತೆಗೇ ಬರುತ್ತದೆ. ಬಿಡುವಿದ್ದಾಗ ಓದಿ, ಹಳೆಯ ಊರಿನ ಖಾತೆ ಪುಸ್ತಕ ತಿರುವಿದ ಹಾಗಿರುತ್ತದೆ. ಫ್ಲಾಪಿಗೆ 2, ಪ್ಯಾರಲಲ್ ಪ್ರಿಂಟರಿಗೆ 6, ಧ್ವನಿಗೆ 14. ಇಡೀ ಮೇಜರ್ ನಂಬರು ಕೊಡುವಷ್ಟು ಯೋಗ್ಯತೆ ಇಲ್ಲದ ಚಿಲ್ಲರೆ ಸಾಧನಗಳಿಗೆಲ್ಲ ಸೇರಿ 10. ಪಿಎಸ್2 ಮೌಸು, ಗಡಿಯಾರ, ಕಂಪ್ಯೂಟರು ನಿದ್ದೆಹೋದರೆ ತಟ್ಟಿ ಎಬ್ಬಿಸುವ ವಾಚ್‌ಡಾಗ್, ಎಲ್ಲ ಆ ಒಂದೇ ಸೂರಿನಡಿ. 42ರ ಎದುರು ಒಂದು ಖಡಕ್ ಎಚ್ಚರಿಕೆ: ಇದು ಮಾದರಿ ಕೋಡ್ ಬರೆಯುವವರಿಗೆ ಮಾತ್ರ, ಯಾರಾದರೂ ಜನರಿಗೆ ಹಂಚುವ ಡ್ರೈವರಿಗೆ ಇದನ್ನು ಬಳಸಿದರೆ ಅದು ನಿಯಮಬಾಹಿರ. ದೊಡ್ಡಕ್ಷರಗಳಲ್ಲೇ ಗದರಿಸಿದ್ದಾರೆ.

ಜಾಗ ಸಾಲದಾಗತೊಡಗಿದ್ದು ಡಿಸ್ಕುಗಳಿಂದ. ಸ್ಕಸಿ ಡಿಸ್ಕು ಒಂದಕ್ಕೆ 16 ಮೈನರ್ ನಂಬರು: ಇಡೀ ಡಿಸ್ಕಿಗೆ ಒಂದು, ಅದರ ಭಾಗಗಳಿಗೆ ಹದಿನೈದು. 256ನ್ನು 16ರಿಂದ ಭಾಗಿಸಿದರೆ ಹದಿನಾರೇ ಡಿಸ್ಕು. ಮನೆಗೆ ಸಾಕು, ಆದರೆ ತೊಂಬತ್ತರ ದಶಕ ಮುಗಿಯುವಾಗ ಲಿನಕ್ಸ್ ಮನೆ ಬಿಟ್ಟು ಬ್ಯಾಂಕು, ಟೆಲಿಫೋನ್ ಕಂಪನಿಗಳ ಕಡೆ ಹೊರಟಿತ್ತು. ಹದಿನೇಳನೆಯ ಡಿಸ್ಕಿಗಾಗಿ 65ರಿಂದ 71ರವರೆಗೆ ಏಳು ಮೇಜರ್ ನಂಬರು ಕೊಟ್ಟರು, 128 ಡಿಸ್ಕು ಆಯಿತು. ಅದೂ ಸಾಲದೆ 128ರಿಂದ 135ರವರೆಗೆ ಇನ್ನೂ ಎಂಟು. ಒಟ್ಟು 256 ಡಿಸ್ಕು, ಅದಕ್ಕಾಗಿ 16 ಮೇಜರ್ ನಂಬರು ಖರ್ಚು. ಐಬಿಎಂನ ಮೇನ್‌ಫ್ರೇಮಿಗೂ ಲಿನಕ್ಸ್ ಹೋದಾಗ ಅಲ್ಲಿನವರು ಕೇಳಿದ್ದು ಸಾವಿರಗಟ್ಟಲೆ ಡಿಸ್ಕು. ಇತ್ತ ಪ್ರತಿಯೊಂದು ಕಾರ್ಡು ತಯಾರಿಸುವ ಕಂಪನಿಗೂ ತನ್ನದೇ ನಂಬರು ಬೇಕು. ಕೇಳದೆ ಖಾಲಿ ಕಂಡದ್ದರಲ್ಲಿ ಕೂತುಬಿಡುವವರೂ ಇದ್ದರು. ಎರಡು ಡ್ರೈವರು ಒಂದೇ ನಂಬರು ಕೇಳಿದರೆ ಮೊದಲು ಬಂದವನಿಗೆ ಜಾಗ, ಎರಡನೆಯವನಿಗೆ "ಬೇರೆಯವರು ಕೂತಿದ್ದಾರೆ" ಎಂಬ ಉತ್ತರ. ಲೋಕಲ್ ಟ್ರೇನಿನ ಕಿಟಕಿ ಸೀಟಿನ ಕಥೆಯೇ.

2001ರ ಮೇ ತಿಂಗಳಲ್ಲಿ ಆನ್ವಿನ್ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಹೊಸ ನಂಬರು ಕೊಡುವುದನ್ನು ನಿಲ್ಲಿಸಿ ಅಂತ ಲೀನಸ್ ಹೇಳಿದ್ದಾರೆ, ಇದರಿಂದ ಇದಕ್ಕಿಂತ ಒಳ್ಳೆಯ ಬೇರೆ ದಾರಿ ಹುಟ್ಟಲಿ ಎಂಬುದು ಅವರ ಆಸೆ. ಲಿನಕ್ಸ್ ವಲಯದಲ್ಲಿ ದೊಡ್ಡ ಗದ್ದಲವೇ ಎದ್ದಿತು. ನನಗೆ ಕೇಳಿದರೆ ಲೀನಸ್ ಮಾಡಿದ್ದು ಸರಿ. ಕೊರತೆಯನ್ನು ಪಡಿತರ ಹಂಚಿಕೆಯಿಂದ ನೀಗಿಸಲು ಹೋದರೆ ಪಡಿತರ ಅಂಗಡಿ ಶಾಶ್ವತವಾಗುತ್ತದೆ, ಕೊರತೆಯೂ ಹಾಗೇ ಉಳಿಯುತ್ತದೆ.

ಬೇರೆ ದಾರಿ ಒಂದು ಆಗಲೇ ಬಂದಿತ್ತು. ರಿಚರ್ಡ್ ಗೂಚ್ ಎಂಬವರು ಬರೆದ 'ಡೆವ್‌ಎಫ್ಎಸ್' 2000ದ ಫೆಬ್ರವರಿಯಲ್ಲಿ ಕರ್ನೆಲ್ ಸೇರಿತ್ತು. ಸಾಧನ ಇದ್ದರೆ ಮಾತ್ರ ಅದರ ಫೈಲು ಕಾಣಬೇಕು, ಹೆಸರನ್ನು ಡ್ರೈವರೇ ಕೊಡಬೇಕು, ನಂಬರಿನ ಗೊಡವೆ ಬೇಡ ಎಂಬುದು ಅದರ ತತ್ವ. ಕೇಳಲು ಚೆಂದ. ಆದರೆ ಹೆಸರನ್ನು ಕರ್ನೆಲ್ ಒಳಗೇ ಕೆತ್ತಿಬಿಟ್ಟರು. ಒಂದು ಡಿಸ್ಕಿನ ವಿಳಾಸ ಹೋಸ್ಟ್, ಬಸ್, ಟಾರ್ಗೆಟ್, ಲನ್ ಅಂತ ನಮ್ಮ ಪುಣೆಯ ಪೇಠೆಗಳ ವಿಳಾಸದಷ್ಟು ಉದ್ದವಾಯಿತು. ಒಳಗಿನ ಕೋಡಿನಲ್ಲಿ ಎರಡು ಕೆಲಸ ಏಕಕಾಲಕ್ಕೆ ನಡೆದರೆ ಎಡವಟ್ಟಾಗುವ ದೋಷಗಳಿದ್ದವು, ಆಲ್ ವೀರೋನಂಥ ಹಿರಿಯರು ಅದನ್ನು ಎಳೆಎಳೆಯಾಗಿ ಹಿಡಿದು ಝಾಡಿಸಿದರು. 2006ರಲ್ಲಿ 2.6.18ನೇ ಆವೃತ್ತಿಯಿಂದ ಅದನ್ನು ಪೂರ್ತಿ ಕಿತ್ತೆಸೆದರು.

ನಿಂತದ್ದು ಮತ್ತೊಂದು ದಾರಿ. 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ 'ಯುಡೆವ್' ತಂದರು. ಆ ವರ್ಷ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಕೊಟ್ಟ ಒಂದು ಲೆಕ್ಕ ಸಾಕು: ರೆಡ್‌ಹ್ಯಾಟ್ 9 ಹಾಕಿದ ಕಂಪ್ಯೂಟರಿನ ಡೆವ್ ಡೈರೆಕ್ಟರಿಯಲ್ಲಿ 18 ಸಾವಿರಕ್ಕೂ ಹೆಚ್ಚು ಫೈಲುಗಳು! ನಿಮ್ಮಲ್ಲಿರುವುದು ಒಂದು ಡಿಸ್ಕು, ಒಂದು ಮೌಸು. ಆದರೂ ಮುಂದೆಂದಾದರೂ ಬಂದೀತು ಎಂಬ ಪ್ರತಿಯೊಂದಕ್ಕೂ ನಾಮಫಲಕ ಬರೆಸಿ ನೇತುಹಾಕಿದ ಹಾಗೆ. ಯುಡೆವ್ ಹೇಳಿದ್ದು ಇಷ್ಟು. ಸಾಧನ ಬಂದಾಗ ಕರ್ನೆಲ್ "ಬಂತು" ಅಂತ ಕೂಗಿ ಹೇಳಲಿ, ಅದರ ಗುಣಲಕ್ಷಣ ತಿಳಿಸಲಿ, ಯಾವುದೋ ಒಂದು ನಂಬರು ಕೊಡಲಿ. ಹೆಸರಿಡುವ ಕೆಲಸ ಕರ್ನೆಲ್‌ನ ಹೊರಗೆ, ಬಳಸುವವರು ಬರೆದ ನಿಯಮದಂತೆ ನಡೆಯಲಿ. 2003ರ ಡಿಸೆಂಬರಿನಲ್ಲಿ ಬಂದ 2.6ನೇ ಆವೃತ್ತಿ ನಂಬರಿನ ಅಳತೆಯನ್ನೂ 32 ಬಿಟ್‌ಗೆ ಏರಿಸಿತು: ಮೇಜರಿಗೆ 12, ಮೈನರಿಗೆ 20. ಅಂದರೆ 4096 ಡ್ರೈವರು, ಒಂದೊಂದಕ್ಕೆ ಹತ್ತು ಲಕ್ಷ ದಾಟಿದ ಸಾಧನ. ಲ್ಯಾಪ್‌ಟಾಪಿನಲ್ಲಿ ಕಾಣುವ 259 ಈ ಹಿಗ್ಗಿದ ಜಾಗದ್ದೇ. ಹಳೆಯ ಲೆಕ್ಕದಲ್ಲಿ 255ರ ಮೇಲೆ ಅಂಕೆಯೇ ಇರಲಿಲ್ಲ.

ಅಲ್ಲಿಗೆ ಸುಖಾಂತ್ಯ ಅಂದುಕೊಳ್ಳಬೇಡಿ. ನಂಬರಿಗೆ ಅರ್ಥ ಇಲ್ಲ ಅಂತ ಮೇಲಿನವರು ತೀರ್ಮಾನಿಸಿದರೂ ಕೆಳಗಿದ್ದವರು ಅರ್ಥ ಇದೆ ಅಂತಲೇ ನಂಬಿ ಬದುಕಿದ್ದೆವು. 2007ರ ಸುಮಾರಿಗೆ ಹಳೆಯ ಐಡಿಇ ಡಿಸ್ಕುಗಳೂ ಹೊಸ ಡ್ರೈವರಿನ ಕೆಳಗೆ ಬಂದು, ಫೆಡೋರಾ 7ರಲ್ಲಿ 'ಎಚ್‌ಡಿಎ' ಆಗಿದ್ದದ್ದು 'ಎಸ್‌ಡಿಎ' ಆಯಿತು. 3, 0 ಆಗಿದ್ದದ್ದು 8, 0. ಹಳೆಯ ಹೆಸರು ಬರೆದುಕೊಂಡಿದ್ದ ಸ್ಕ್ರಿಪ್ಟುಗಳಿಗೆ ಡಿಸ್ಕೇ ಸಿಗುತ್ತಿರಲಿಲ್ಲ. ನಾನಾಗ ಕೆಲಸ ಮಾಡುತ್ತಿದ್ದ ಅಂಧೇರಿಯ ಒಂದು ಕಂಪನಿಯಲ್ಲಿ ಕರೆಂಟು ಹೋಗಿ ಬಂದ ಮೇಲೆ ಸರ್ವರಿನ ಎರಡು ನೆಟ್‌ವರ್ಕ್ ಕಾರ್ಡುಗಳು ಹೆಸರು ಅದಲುಬದಲು ಮಾಡಿಕೊಂಡವು. ಒಳಗಿನ ಕಾರ್ಡು ಹೊರಗಿನದಾಯಿತು, ಹೊರಗಿನದು ಒಳಗಿನದಾಯಿತು. ಇಡೀ ಮಧ್ಯಾಹ್ನ ನೂರಿಪ್ಪತ್ತು ಜನ ಕೈಕಟ್ಟಿ ಕೂತರು. ನೆಟ್‌ವರ್ಕ್ ಕಾರ್ಡಿಗೆ ಡೆವ್‌ನಲ್ಲಿ ಫೈಲು ಇರುವುದಿಲ್ಲ, ಆದರೆ ರೋಗ ಒಂದೇ: ಯಾರು ಮೊದಲು ಎದ್ದರೋ ಅವರಿಗೆ ಸೊನ್ನೆ. 2013ರಲ್ಲಿ ಸಿಸ್ಟಮ್‌ಡಿ ತಂಡದವರು ಕಾರ್ಡು ಕೂತ ಜಾಗದಿಂದಲೇ ಹೆಸರು ಕಟ್ಟುವ ಪದ್ಧತಿ ತಂದ ಮೇಲೆ ಆ ಕಾಟ ಬಹುಮಟ್ಟಿಗೆ ಮುಗಿಯಿತು, ಹೆಸರುಗಳು ಮಾತ್ರ ನಾಲಿಗೆಗೆ ಹೊಂದದಂತಾದವು. ಡಿಸ್ಕುಗಳ ಮಟ್ಟಿಗೆ, ಡಿಸ್ಕಿನ ಮೇಲೇ ಬರೆದಿರುವ ಉದ್ದನೆಯ ಯುಯುಐಡಿ ನೋಡಿ ಗುರುತು ಹಿಡಿಯುವುದು ವಾಡಿಕೆಯಾಯಿತು.

ಇನ್ನು ಡ್ರೈವರಿನ ಒಳಮನೆಗೆ ಬರೋಣ. ಕರ್ನೆಲ್ "ಯಾವುದೋ ಒಂದು ನಂಬರು" ಕೊಡಬೇಕು ಅಂದೆನಲ್ಲ, ಅದನ್ನು ಕೊಡುವುದು ಹೇಗೆ? ಒಂದು ಕಾಲದಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಕೆಲವರು ಸುಮ್ಮನೆ ಒಂದು ಎಣಿಕೆ ಇಟ್ಟುಕೊಂಡು ಸಾಧನ ಬಂದ ಹಾಗೆ ಏರಿಸುತ್ತಿದ್ದರು. ಕಳಚಿಕೊಂಡು ಹೋದ ಸಾಧನದ ನಂಬರು ವಾಪಸು ಬರುವುದೇ ಇಲ್ಲ. ಕೆಲವರು ಸ್ಥಿರ ಅಳತೆಯ ಪಟ್ಟಿ ಇಟ್ಟು ಖಾಲಿ ಜಾಗ ಹುಡುಕುತ್ತಿದ್ದರು. ಯುಎಸ್‌ಬಿ ಬಂದು, ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವ ಪರಿಪಾಠ ಶುರುವಾದ ಮೇಲೆ ಇದೆಲ್ಲ ಒಡೆದುಹೋಯಿತು. ಜಿಮ್ ಹ್ಯೂಸ್ಟನ್ 2002ರಲ್ಲಿ 'ಐಡಿಆರ್' ಎಂಬ ಸಾಮಾನ್ಯ ವ್ಯವಸ್ಥೆ ಬರೆದರು. 2007ರಲ್ಲಿ ತೇಜುನ್ ಹಿಯೊ ಅದರ ಮೇಲೆ 'ಐಡಿಎ' ಕಟ್ಟಿದರು. ಅದರ ಕೆಲಸ ತೀರಾ ಸರಳ: ಖಾಲಿ ಇರುವವುಗಳಲ್ಲಿ ಅತಿ ಚಿಕ್ಕ ನಂಬರು ಕೊಡು, ವಾಪಸು ಕೊಟ್ಟರೆ ತೆಗೆದಿಟ್ಟುಕೋ. 2018ರಲ್ಲಿ ಮ್ಯಾಥ್ಯೂ ವಿಲ್ಕಾಕ್ಸ್ ಅದನ್ನು ಇನ್ನಷ್ಟು ಸುಲಭ ಮಾಡಿದರು. ಸ್ಕಸಿ ಡಿಸ್ಕಿನ ಡ್ರೈವರು ಸೇರಿ ನೂರಾರು ಡ್ರೈವರುಗಳು ಈಗ ಇದರ ಬಳಿಯೇ ನಂಬರು ಪಡೆಯುತ್ತವೆ.

ಹಳೆಯ ಬ್ಯಾಂಕುಗಳ ಹಿತ್ತಾಳೆ ಟೋಕನ್ ನೆನಪಿದೆಯೇ? ಚೆಕ್ಕು ಕೊಟ್ಟರೆ ಗುಮಾಸ್ತ ಒಂದು ಬಿಲ್ಲೆ ಕೊಡುತ್ತಿದ್ದ, ಕ್ಯಾಷಿಯರ್ ಆ ನಂಬರು ಕೂಗಿದಾಗ ಬಿಲ್ಲೆ ಕೊಟ್ಟು ದುಡ್ಡು ಪಡೆಯುವುದು. ಐಡಿಎ ಅಂಥದ್ದೇ. ಇದರಲ್ಲಿ ಅಪಾಯ ಇರುವುದು ಬಿಲ್ಲೆ ಕೊಡುವಾಗ ಅಲ್ಲ, ವಾಪಸು ಪಡೆಯುವ ಗಳಿಗೆಯಲ್ಲಿ. ಯುಎಸ್‌ಬಿ ಕಡ್ಡಿಯನ್ನು ನೀವು ಕಿತ್ತಿರಿ, ಆದರೆ ಯಾವುದೋ ಪ್ರೋಗ್ರಾಮು ಇನ್ನೂ ಅದರ ಫೈಲು ತೆರೆದುಕೊಂಡು ಕೂತಿದೆ. ಡ್ರೈವರು ಆತುರಪಟ್ಟು ನಂಬರನ್ನು ಬಿಟ್ಟುಕೊಟ್ಟರೆ, ಐಡಿಎ ಅದನ್ನೇ ಮರುಕ್ಷಣ ಹೊಸ ಸಾಧನಕ್ಕೆ ಕೊಡುತ್ತದೆ, ಏಕೆಂದರೆ ಅತಿ ಚಿಕ್ಕ ಖಾಲಿ ನಂಬರು ಅದೇ. ಆಗ ಒಂದೇ ಹೆಸರಿನವರು ಇಬ್ಬರು. ಕರ್ನೆಲ್ "ಈ ಹೆಸರು ಆಗಲೇ ಇದೆ" ಅಂತ ಕಿರುಚುತ್ತದೆ, ಹೊಸ ಸಾಧನ ಏಳುವುದಿಲ್ಲ. ವಾಪಸು ಕೊಡಲು ಮರೆತರೂ ಕಷ್ಟ, ನಂಬರು ಸೋರುತ್ತಾ ಹೋಗಿ ಒಂದು ದಿನ ಮುಗಿಯುತ್ತದೆ. ಹಾಗಾಗಿ ಕೊನೆಯ ಹಿಡಿತ ಸಡಿಲವಾದ ಮೇಲೆ ಮಾತ್ರ ಬಿಲ್ಲೆ ಗೂಟಕ್ಕೆ ಹೋಗಬೇಕು. ಒಂದೇ ಸಾಲಿನ ಕೋಡು ಆಚೆ ಈಚೆ ಆದದ್ದಕ್ಕೆ ಎಷ್ಟು ಡ್ರೈವರುಗಳಿಗೆ ತೇಪೆ ಹಾಕಿದ್ದಾರೆ ಅಂತ ಕರ್ನೆಲ್‌ನ ಬದಲಾವಣೆಗಳ ದಾಖಲೆ ತಿರುವಿದರೆ ಕಾಣುತ್ತದೆ.

ಇಷ್ಟೆಲ್ಲ ಕರ್ನೆಲ್ ತಾನು ಕೊಡುವ ನಂಬರಿನ ಮಾತು. ಸಾಧನ ಹುಟ್ಟುವಾಗಲೇ ಹೊತ್ತು ತರುವ ನಂಬರು ಬೇರೆ ಇದೆ. 1992ರ ಪಿಸಿಐ ಕಾರ್ಡುಗಳಿಂದ ಈ ಪದ್ಧತಿ ಗಟ್ಟಿಯಾಯಿತು: ತಯಾರಕನಿಗೆ 16 ಬಿಟ್, ಸಾಧನಕ್ಕೆ 16 ಬಿಟ್. ಇಂಟೆಲ್ ತನ್ನ ಪ್ರಖ್ಯಾತ ಚಿಪ್ಪಿನ ನೆನಪಿಗೆ 8086 ಇಟ್ಟುಕೊಂಡಿತು. ಯುಎಸ್‌ಬಿಯಲ್ಲೂ ಇದೇ ಕ್ರಮ. ಪ್ರತಿ ಡ್ರೈವರು ತಾನು ಯಾರನ್ನೆಲ್ಲ ಬಲ್ಲೆ ಅಂತ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಸಾಧನ ಬಂದಾಗ ಹೊಂದಾಣಿಕೆ ನೋಡುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ ಕಾರ್ಡು ಮನೆಗೆ ತಂದು ಸಿಕ್ಕಿಸಿದೊಡನೆ ನಡೆಯುವುದು ಇದರಿಂದಲೇ. ಆದರೆ ನಂಬರು ಹೇಳುವವನೇ ಅದರ ನಿಜವಾದ ಒಡೆಯ ಅಂತ ಯಾರು ಖಾತ್ರಿ ಕೊಡುತ್ತಾರೆ? ಯಾರೂ ಇಲ್ಲ.

ಕೊಲೆ ನಡೆದದ್ದು ಇಲ್ಲಿ. ಸ್ಕಾಟ್ಲೆಂಡಿನ ಎಫ್‌ಟಿಡಿಐ ಎಂಬ ಕಂಪನಿ ಯುಎಸ್‌ಬಿಯಿಂದ ಸೀರಿಯಲ್ ಪೋರ್ಟಿಗೆ ಸೇತುವೆ ಕಟ್ಟುವ ಚಿಪ್ಪು ಮಾಡುತ್ತದೆ. ಅದರ ಗುರುತು 0403, ಚಿಪ್ಪಿನದು 6001. ಪ್ರಯೋಗಾಲಯದ ಉಪಕರಣ, ಹವ್ಯಾಸಿಗಳ ಬೋರ್ಡು, ಎಲ್ಲದರಲ್ಲೂ ಇದೇ. ನಕಲಿ ಮಾಡುವವರು ಅದೇ ನಂಬರು ಹಾಕಿ ಅಗ್ಗದ ಚಿಪ್ಪು ಮಾಡಿದರು, ಅಸಲಿ ಕಂಪನಿಯ ಡ್ರೈವರೇ ಅವನ್ನೂ ನಡೆಸುತ್ತಿತ್ತು. ಕಂಪನಿಗೆ ಸಿಟ್ಟು ಬಂದದ್ದು ಸಹಜ. 2014ರಲ್ಲಿ ಅದರ ವಿಂಡೋಸ್ ಡ್ರೈವರಿನ ಹೊಸ ಆವೃತ್ತಿ ವಿಂಡೋಸ್ ಅಪ್‌ಡೇಟ್ ಮೂಲಕ ಸದ್ದಿಲ್ಲದೆ ಎಲ್ಲರ ಕಂಪ್ಯೂಟರಿಗೆ ಇಳಿಯಿತು. ನಕಲಿ ಚಿಪ್ಪು ಸಿಕ್ಕಿದರೆ ಅದರ ಸ್ಮೃತಿಯೊಳಗೇ 6001 ಅಳಿಸಿ 0000 ಅಂತ ಬರೆದುಬಿಡುತ್ತಿತ್ತು. ಮರುದಿನ ಅದನ್ನು ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಯಾವ ಡ್ರೈವರೂ ಗುರುತಿಸದು.

ನಕಲಿ ಮಾಡಿದವರಿಗೆ ಇದರಿಂದ ಏನಾಯಿತು? ಏನೂ ಇಲ್ಲ, ಅವರಿಗೆ ದುಡ್ಡು ಆಗಲೇ ಸಂದಿತ್ತು. ಪೆಟ್ಟು ಬಿದ್ದದ್ದು ಒಳಗೆ ಯಾವ ಚಿಪ್ಪಿದೆ ಅಂತ ಗೊತ್ತೇ ಇಲ್ಲದೆ ಕೇಬಲ್ ಕೊಂಡವರಿಗೆ. ಗದ್ದಲ ಜೋರಾದ ಮೇಲೆ ಆ ಡ್ರೈವರನ್ನು ವಿಂಡೋಸ್ ಅಪ್‌ಡೇಟ್‌ನಿಂದ ಹಿಂದಕ್ಕೆ ಪಡೆದರು. ಕಂಪನಿಯ ಹಕ್ಕು ನಿಜ, ಆದರೆ ಡ್ರೈವರು ಎಂಬ ದುಭಾಷಿಯನ್ನು ಮನೆಯೊಳಗೆ ಬಿಟ್ಟುಕೊಂಡದ್ದು ಮಾತು ದಾಟಿಸಲಿಕ್ಕೆ. ನ್ಯಾಯ ತೀರಿಸಿ ಶಿಕ್ಷೆ ಕೊಡಲಿಕ್ಕಲ್ಲ.

ಲಿನಕ್ಸ್‌ನವರು ಮಾಡಿದ್ದು ನನಗೆ ಬಹಳ ಇಷ್ಟವಾಯಿತು. ಅದೇ ಅಕ್ಟೋಬರಿನಲ್ಲಿ ಕರ್ನೆಲ್‌ನ ಎಫ್‌ಟಿಡಿಐ ಡ್ರೈವರಿನ ಪಟ್ಟಿಗೆ ಒಂದು ಸಾಲು ಸೇರಿತು: 0403, 0000. ಅಂದರೆ ನಂಬರು ಕಳೆದುಕೊಂಡವನನ್ನೂ ಒಳಗೆ ಬಿಡಿ. ಸತ್ತ ಯಂತ್ರಕ್ಕೆ ಇಂಗ್ಲಿಷಿನವರು ಇಟ್ಟಿಗೆ ಅನ್ನುತ್ತಾರೆ. ಆ ಸಾಲಿಗೂ ಕರ್ನೆಲ್‌ನಲ್ಲಿ ಅದೇ ಹೆಸರು, ಬ್ರಿಕ್. ಸತ್ತೇ ಹೋಯಿತು ಎಂದುಕೊಂಡಿದ್ದ ಕೇಬಲ್ಲುಗಳು ಲಿನಕ್ಸ್ ಯಂತ್ರಗಳಲ್ಲಿ ಆ ಸೊನ್ನೆಯನ್ನೇ ಗುರುತಾಗಿ ಹೇಳಿಕೊಂಡು ಮತ್ತೆ ಕೆಲಸಕ್ಕೆ ಹತ್ತಿದವು.